ಟೈಟು, ಎಣ್ಣೆ, ತೀರ್ಥ: ನಮ್ಮ ಪಟ್ಟಿಗೆ ಮನೆಯವರ ಪದಗಳೂ ಬೇಕು

ಈ ವರ್ಷ ನಮ್ಮ ಕಾಲೇಜಿನಿಂದ ಯುಕೆಗೆ ಎಂಎಸ್ಸಿ ಮಾಡೋಕೆ ಹೊರಟಿರೋ ಸೀನಿಯರ್‌ಗಳು ಜಾಸ್ತಿ. ವೀಸಾ, ಫೀಸು, ಸ್ವೆಟರ್ರು, ಚಟ್ನಿಪುಡಿ ಎಲ್ಲದರ ಚಿಂತೆ ಮುಗಿದ ಮೇಲೆ ಅವರಿಗೆ ಈಗ ಹತ್ತಿರೋದು ಅಲ್ಲಿನವರ ಮಾತಿನ ಚಿಂತೆ. ಹಾಗಾಗಿ ಬ್ರಿಟಿಷ್ ಸ್ಲ್ಯಾಂಗಿನ ಉದ್ದದೊಂದು ಪಟ್ಟಿ ಹಾಸ್ಟೆಲ್ಲಿನ ವಾಟ್ಸಾಪ್ ಗುಂಪುಗಳಲ್ಲಿ ಸುತ್ತಾಡ್ತಾ ಇದೆ. ‘ಚಿಯರ್ಸ್’ ಅಂದ್ರೆ ಬರೀ ಲೋಟ ತಾಗಿಸೋ ಮಾತಲ್ಲ, ಬಸ್ ಇಳಿಯುವಾಗ ಡ್ರೈವರ್‌ಗೆ ಹೇಳೋ ಥ್ಯಾಂಕ್ಸ್ ಕೂಡ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ‘ಟೀ’ಗೆ ಕರೆದರೆ ಬಿಸ್ಕತ್ತು ನೆನೆಸ್ಕೊಂಡು ಹೋಗ್ಬೇಡಿ, ಅದು ಸಂಜೆಯ ಊಟ. ಅಮೆರಿಕದವನು ‘ಪಿಸ್ಡ್’ ಅಂದ್ರೆ ಸಿಟ್ಟು ಬಂದಿದೆ ಅಂತ, ಬ್ರಿಟನ್ನಿನವನು ಅದೇ ಮಾತು ಹೇಳಿದ್ರೆ ಕುಡಿದು ತೂರಾಡ್ತಿದಾನೆ ಅಂತ. ಇದೆಲ್ಲ ತಿಳ್ಕೊಂಡು ಹೋಗೋದು ಒಳ್ಳೇದೇ.

ಆದ್ರೆ ಆ ಪಟ್ಟಿಯಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ಬೇರೆ. ಸುಮಾರು ಅರ್ಧ ಬರೀ ಕುಡಿತದ ಪದಗಳು! ‘ಹ್ಯಾಮರ್ಡ್’, ಅಂದ್ರೆ ಸುತ್ತಿಗೆ ಏಟು ತಿಂದವನು, ಮೆಕ್ಯಾನಿಕಲ್‌ನವರಿಗೆ. ‘ಪ್ಲಾಸ್ಟರ್ಡ್’, ಅಂದ್ರೆ ಗಾರೆ ಮೆತ್ತಿಸಿಕೊಂಡವನು, ಸಿವಿಲ್‌ನವರಿಗೆ. ‘ಲೆಗ್‌ಲೆಸ್’, ಕಾಲು ನೆಲದ ಮೇಲೆ ನಿಲ್ಲದವನು. ‘ತ್ರೀ ಶೀಟ್ಸ್ ಟು ದ ವಿಂಡ್’ ಅನ್ನೋದು ನಾವಿಕರ ಮಾತು. ಅಲ್ಲಿ ಶೀಟ್ ಅಂದ್ರೆ ಹಾಯಿ ಎಳೆದು ಕಟ್ಟೋ ಹಗ್ಗ; ಹಗ್ಗ ಬಿಚ್ಚಿಹೋದ ಹಡಗು ಹೇಗೆ ಓಲಾಡುತ್ತೋ ಹಾಗೆ ಅಂತ. ಜರ್ಮನಿಯ ಇಬ್ಬರು ಭಾಷಾವಿಜ್ಞಾನಿಗಳು ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಇಂಗ್ಲಿಷಿನಲ್ಲಿ ‘ಕುಡಿದಿದಾನೆ’ ಅನ್ನೋದಕ್ಕೆ 546 ಪದ ಲೆಕ್ಕ ಹಾಕಿದ್ರು. ಬ್ರಿಟಿಷರು ಯಾವ ಪದಕ್ಕಾದ್ರೂ ಹಿಂದೆ ಒಂದು ‘ಎಡ್’ ಅಂಟಿಸಿದ್ರೆ ಸಾಕಂತೆ, ಕೇಳಿದವನಿಗೆ ಕುಡಿತ ಅಂತ ಅರ್ಥ ಆಗಿಬಿಡುತ್ತೆ.

ಇದನ್ನ ನೋಡಿ ನಮ್ಮ ಸಂಘದಲ್ಲೂ ಒಂದು ಪಟ್ಟಿ ಶುರುವಾಯ್ತು. ಊರು, ಹಾಸ್ಟೆಲ್ಲು, ಬೀದಿಯ ಕನ್ನಡ ಪದಗಳನ್ನ ಒಂದು ಗೂಗಲ್ ಶೀಟಿನಲ್ಲಿ ಸೇರಿಸೋದು, ಪತ್ರಿಕೆಯ ಮುಂದಿನ ಸಂಚಿಕೆಗಳಲ್ಲಿ ಒಂದೊಂದೇ ಕಂತು ಹಾಕೋದು ಅಂತ ಆಲೋಚನೆ. ಅದನ್ನ ನೋಡ್ಕೊಳ್ಳೋ ಕೆಲಸ ಬಿದ್ದದ್ದು ಮೇಗುಂದ, ಶೃಂಗೇರಿ, ಎನ್.ಆರ್.ಪುರದ ಕಡೆಯ ನಮ್ಮ ನಾಲ್ಕು ಜನರ ತಲೆ ಮೇಲೆ. ಕುಡಿತದ ಪದಗಳು ಬರೋಕೆ ಶುರುವಾದ ಕೂಡ್ಲೇ ತಕರಾರೂ ಬಂತು. ಕನ್ನಡ ಸಂಘದ ಪತ್ರಿಕೆಯಲ್ಲಿ ಕುಡುಕರ ಮಾತೇ? ರಾಜ್ಯೋತ್ಸವಕ್ಕೆ ಬಾವುಟ ಹಾರಿಸೋ ಕೈಯಲ್ಲಿ ಇದೆಲ್ಲ ಬರೀಬೇಕಾ? ನಮ್ಮ ಅಭಿಪ್ರಾಯ: ಬರೀಬೇಕು. ಆದ್ರೆ ವಾಟ್ಸಾಪಿನ ಆ ಪಟ್ಟಿ ಬರೆದ ಹಾಗಲ್ಲ.

ಮೊದಲು ಒಂದು ತಮಾಷೆ ಹೇಳ್ಬೇಕು. ಬ್ರಿಟಿಷ್ ಸ್ಲ್ಯಾಂಗ್ ಕಲಿಯೋಕೆ ಯುಕೆಗೇ ಹೋಗ್ಬೇಕಾಗಿಲ್ಲ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ‘ಅವ ಫುಲ್ ಟೈಟು ಮಾರಾಯ’ ಅಂತ ಯಾರಾದ್ರೂ ಅಂದ್ರೆ, ಆ ‘ಟೈಟು’ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಸ್ಲ್ಯಾಂಗೇ, ಅದೇ ಅರ್ಥದಲ್ಲಿ. ಬಿಗಿ ಅಂತ ಅಲ್ಲ, ಕುಡಿದವನು ಅಂತ. ‘ಪೆಗ್ಗು’ ಕೂಡ ಹಾಗೇ. ಅದು ಇಂಡಿಯಾದಲ್ಲಿದ್ದ ಇಂಗ್ಲಿಷರ ಮಾತು. ಒಂದೊಂದು ಪೆಗ್ಗೂ ಶವಪೆಟ್ಟಿಗೆಗೆ ಹೊಡೆಯೋ ಒಂದೊಂದು ಗೂಟ ಅಂತ ಅವರವರೇ ನಗಾಡ್ತಿದ್ರಂತೆ. ನಮ್ಮ ಕಡೆಯಿಂದ ಅತ್ತ ಹೋದದ್ದು ಇನ್ನೂ ಜಾಸ್ತಿ. ತಾಳೆಯ ‘ತಾಡಿ’ ಇಂಗ್ಲಿಷಿಗೆ ಹೋಗಿ ‘ಟಾಡಿ’ ಆಯ್ತು, ಸ್ಕಾಟ್ಲೆಂಡಿನ ಚಳಿಗೆ ಸಿಕ್ಕಿ ವಿಸ್ಕಿ, ಬಿಸಿನೀರು, ಸಕ್ಕರೆ ಸೇರಿದ ‘ಹಾಟ್ ಟಾಡಿ’ಯಾಗಿ ಬದಲಾಯ್ತು. ‘ಪಂಚ್’ ಅನ್ನೋ ಪಾನಕ ಐದು ಸಾಮಾನಿನ ‘ಪಂಚ’ದಿಂದ ಬಂತು ಅಂತ ಬಹುಕಾಲದಿಂದ ಹೇಳ್ತಾರೆ. ‘ಅರಾಕ್’ ಮೂಲತಃ ಅರಬ್ಬಿ, ಅರ್ಥ ಬೆವರು; ಭಟ್ಟಿ ಇಳಿಸುವಾಗ ಹನಿ ಹನಿ ತೊಟ್ಟಿಕ್ಕೋದನ್ನ ನೋಡಿದವರಿಗೆ ಆ ಹೆಸರು ಯಾಕೆ ಅಂತ ಹೇಳ್ಬೇಕಾಗಿಲ್ಲ. ‘ವಿಲಾಯಿತಿ’ ಸೈನಿಕರ ಬಾಯಲ್ಲಿ ‘ಬ್ಲೈಟಿ’ ಆಗಿ ಇಂಗ್ಲೆಂಡಿಗೇ ಹೆಸರಾಯ್ತು. ನಾಸಿಕ್ ಹತ್ತಿರದ ದೇವಳಾಲಿ ದಂಡಿನಲ್ಲಿ ಊರಿಗೆ ಹೋಗೋ ಹಡಗಿಗಾಗಿ ಕಾದು ಕಾದು ತಲೆಕೆಟ್ಟವರಿಂದ ‘ಡುಲಾಲಿ’, ಅಂದ್ರೆ ಹುಚ್ಚು ಹಿಡಿದವನು, ಅನ್ನೋ ಪದ ಹುಟ್ಟಿತು. ಇಂಥವನ್ನೆಲ್ಲ ಸೇರಿಸಿ 1886ರಲ್ಲಿ ‘ಹಾಬ್ಸನ್-ಜಾಬ್ಸನ್’ ಅನ್ನೋ ದಪ್ಪ ನಿಘಂಟೇ ಬಂತು. ಆ ಹೆಸರೂ ಸ್ಲ್ಯಾಂಗೇ. ಮೊಹರಂ ಮೆರವಣಿಗೆಯ ‘ಯಾ ಹಸನ್, ಯಾ ಹುಸೇನ್’ ಕೂಗು ಬ್ರಿಟಿಷ್ ಸೈನಿಕರ ಕಿವಿಗೆ ಕೇಳಿಸಿದ ರೀತಿ ಅದು. ಅವರು ಬೀದಿ ಮಾತು ಅಂತ ಮೂಗು ಮುರೀಲಿಲ್ಲ, ಕೂತು ಬರ್ಕೊಂಡ್ರು.

ಮೇಗುಂದದ ಕಾಫಿ ತೋಟಗಳಲ್ಲಿ ಆ ಕಾಲದ ಮಾತುಗಳು ಇನ್ನೂ ಓಡಾಡ್ತಾ ಇವೆ. ಲೆಕ್ಕ ಬರೆಯೋರು ‘ರೈಟ್ರು’. ಕೂಲಿಯವರ ಮನೆ ‘ಲೈನು’. ಹಣ್ಣು ಸಿಪ್ಪೆ ಬಿಡಿಸೋದು ‘ಪಲ್ಪರ್’ನಲ್ಲಿ. ಸಾಹುಕಾರ್ರ ಮನೆ ‘ಬಂಗ್ಲೆ’. ಬಂಗಾಳದ ಕಡೆಯ ಆ ಪದ ಇಂಗ್ಲಿಷಿಗೆ ಹೋಗಿ, ದೊಡ್ಡದಾಗಿ, ಜಗಲಿ ಕಟ್ಟಿಸ್ಕೊಂಡು ವಾಪಸ್ ಬಂದಿದೆ. ಇನ್ನು ಅಡಿಕೆ ಕೊಳೆರೋಗಕ್ಕೆ ಹೊಡೆಯೋ ‘ಬೋರ್ಡೋ’ ನಮಗೆ ಮೈಲುತುತ್ತ, ಸುಣ್ಣ ಸೇರಿದ ಔಷಧಿ. ಹಾಗಂತ ಯುಕೆಗೆ ಹೋದವರು ಅಲ್ಲಿ ಯಾರಾದ್ರೂ ‘ಬೋರ್ಡೋ ತಗೋತೀರಾ’ ಅಂದ್ರೆ ಗಾಬರಿ ಆಗ್ಬೇಡಿ, ಅದು ಫ್ರಾನ್ಸಿನ ವೈನ್. ಅಲ್ಲಿನ ದ್ರಾಕ್ಷಿ ತೋಟಗಳ ರೋಗಕ್ಕೆ 1885ರ ಹೊತ್ತಿಗೆ ಕಂಡುಹಿಡಿದ ಮದ್ದು ನಮ್ಮ ಅಡಿಕೆ ಮರ ಹತ್ತಿದೆ, ಅಷ್ಟೇ.

ತೋಟದಲ್ಲಿ ಕುಡಿತದ ಮಾತು ಬಂದ್ರೆ ಮೂರು ಪದ ಒಟ್ಟೊಟ್ಟಿಗೆ ಬರ್ತಿದ್ವು: ಬಟವಾಡೆ, ಸಂತೆ, ಗಡಂಗು. ವಾರದ ಕೂಲಿ ಕೊಡೋದು ಬಟವಾಡೆ. ಅದು ಕೈಗೆ ಬಂದ ಮೇಲೆ ಅಕ್ಕಿ, ಒಣಮೀನು ತರೋಕೆ ಸಂತೆ. ದಾರಿಯಲ್ಲಿ ಸಾರಾಯಿ ಗಡಂಗು. ನಿಘಂಟುಗಳು ಮಲಯ ಭಾಷೆಯ ಗುದಾಂಗ್, ತಮಿಳಿನ ಕಿಡಂಗು, ಇಂಗ್ಲಿಷಿನ ಗೋಡೌನ್ ಇವನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸ್ತಾವೆ. ನಮ್ಮ ಗಡಂಗನ್ನ ನೋಡಿದ್ರೆ ಅದೂ ಅದೇ ಪಂಕ್ತಿಯದು ಅನ್ನಿಸುತ್ತೆ. ಮಿಕ್ಕವರಿಗೆ ಅದು ಸರಕು ತುಂಬೋ ಮನೆ ಆದ್ರೆ ಮಲೆನಾಡಿನವರಿಗೆ ಖಾಲಿ ಮಾಡೋ ಮನೆ ಆಯ್ತು. ಇನ್ನೂ ಹಿಂದಿನದು ಬಗನಿ ಕಳ್ಳು. ಮದುವೆ ಚಪ್ಪರಕ್ಕೆ ಯಾವ ಮರದ ಹೂಗೊನೆ ತಂದು ಇಳಿಬಿಡ್ತಾರೋ ಅದೇ ಮರದಿಂದ ಕಳ್ಳು ಇಳಿಸ್ತಿದ್ರು. ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅವರ ‘ಕಾನೂರು ಹೆಗ್ಗಡಿತಿ’ (1936) ಓದಿದವರಿಗೆ ಬಗನಿ ಕಳ್ಳು, ಕಳ್ಳಂಗಡಿ ಹೊಸದಲ್ಲ. ನಮ್ಮ ಪಟ್ಟಿಗೆ ಪದ ಕಳಿಸಿದ ಎಷ್ಟೋ ಜನಕ್ಕೆ ಬಗನಿ ಮರ ಯಾವುದು ಅಂತಲೇ ಗೊತ್ತಿರಲಿಲ್ಲ, ಅದು ಬೇರೆ ವಿಷಯ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಯ್ತು. ನಮ್ಮಲ್ಲಿ ಹೆಚ್ಚಿನವರು ಆಗ ಹುಟ್ಟಿದ್ದೇ ಆಸುಪಾಸು. ಗಡಂಗು ಮುಚ್ಚಿತು, ಪ್ಯಾಕೆಟ್ ಸಾರಾಯಿ ಹೋಯ್ತು, ಪದಗಳು ಮಾತ್ರ ಬೇರೆ ಕಡೆ ಕೆಲಸಕ್ಕೆ ಸೇರ್ಕೊಂಡ್ವು. ‘ಪ್ಯಾಕೆಟ್ ಹಾಕೋರು’ ಅಂದ್ರೆ ಈಗ 90 ಎಂಎಲ್ ಟೆಟ್ರಾಪ್ಯಾಕಿನವರು; ಆ ಅಳತೆಯೇ ‘ನೈಂಟಿ’ ಅನ್ನೋ ಹೆಸರಾಯ್ತು. ‘ಕ್ವಾರ್ಟರ್’ ಅಂದ್ರೆ 180. ಫುಲ್ ಬಾಟಲಿ 750 ಆದ್ರೆ ಅದರ ಕಾಲು ಭಾಗ 187.5 ಆಗ್ಬೇಕಲ್ವಾ, ಉಳಿದ ಏಳೂವರೆ ಎಂಎಲ್ ಎಲ್ಲಿಗೆ ಹೋಯ್ತು ಅಂತ ನಮ್ಮಲ್ಲೊಬ್ಬ ಕೇಳ್ತಾ ಇದಾನೆ, ಮ್ಯಾಥ್ಸಿನವರು ಉತ್ತರ ಕೊಡ್ಲಿ. ‘ಎಮ್ಮೆಸ್ಸೈಲ್ ತನಕ ಹೋಗಿ ಬರ್ತೀನಿ’ ಅಂದ್ರೆ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ. ಅದೇ ಸರ್ಕಾರಿ ಕಂಪನಿ ನಾವು ಬರೆಯೋ ‘ಲೇಖಕ್’ ನೋಟ್‌ಬುಕ್ಕೂ ಮಾಡುತ್ತೆ. ಸರ್ಕಾರವೂ ಈ ವಿಷಯದಲ್ಲಿ ಮರೆಮಾತಿನ ಉಸ್ತಾದೇ: ‘ಅಬಕಾರಿ’ ಅಂದ್ರೆ ಪಾರಸಿಯಲ್ಲಿ ‘ಆಬ್’ ನೀರು, ‘ಕಾರ್’ ಕೆಲಸ. ಅಕ್ಷರಕ್ಕೆ ಅಕ್ಷರ ಇಟ್ಟರೆ ನೀರಿನ ಕೆಲಸದ ಇಲಾಖೆ. ಸಿವಿಲ್‌ನವರು ನೀರಾವರಿ ಅಂದ್ಕೊಂಡು ಅರ್ಜಿ ಹಾಕ್ಬೇಡಿ.

ಇನ್ನು ‘ಎಣ್ಣೆ’. ನಮಗೆ ತಿಳಿದ ಮಟ್ಟಿಗೆ ಇದು ನಮ್ಮ ಕಡೆಯದಲ್ಲ, ಸಿನಿಮಾ ಹಾಡಿನ ಜೊತೆ ಬಸ್ ಹತ್ತಿ ಬಂದದ್ದು. ಊರಿನ ಅಜ್ಜಿಯರಿಗೆ ಎಣ್ಣೆ ಅಂದ್ರೆ ಇವತ್ತಿಗೂ ಕೊಬ್ಬರಿ ಎಣ್ಣೆನೇ. ‘ಗುಂಡು’ ಎಲ್ಲ ಕಡೆ ಇದೆ. ‘ತೀರ್ಥ’, ‘ಪರಮಾತ್ಮ’ ಇವು ಸ್ವಲ್ಪ ಓದಿದವರ ಕುಚೋದ್ಯ. ಶೃಂಗೇರಿ ಕಡೆಯ ಒಬ್ಬನಿಗೆ ‘ತೀರ್ಥ ತಗೊಂಡ್ಯಾ?’ ಅಂತ ಹಾಸ್ಟೆಲ್ಲಿನಲ್ಲಿ ಕೇಳಿದಾಗ ಪಾಪ ಅವನು ‘ಬೆಳಿಗ್ಗೆಯೇ ಆಯ್ತು’ ಅಂದಿದ್ದ. ಆಮೇಲೆ ಒಂದು ಸೆಮಿಸ್ಟರ್ ಪೂರ್ತಿ ಅವನಿಗೆ ಅದೇ ಹೆಸರು.

ಪದ ಕೂಡಿಸ್ತಾ ಕೂಡಿಸ್ತಾ ನಮಗೊಂದು ವಿಷಯ ಹೊಳೀತು. ಇಂಗ್ಲಿಷ್ ಸ್ಲ್ಯಾಂಗ್ ಹೊಸ ಪದ ಹುಟ್ಟಿಸುತ್ತೆ, ಕನ್ನಡ ಇರೋ ಪದವನ್ನೇ ನುಂಗುತ್ತೆ. ‘ಹಾಕ್ಕೊಂಡು ಬಂದಿದಾನೆ’: ಏನು ಹಾಕ್ಕೊಂಡು? ಹೇಳಲ್ಲ. ‘ಏರಿದೆ’: ಏನು, ಎಲ್ಲಿಗೆ? ಹೇಳಲ್ಲ. ಬಟ್ಟೆ, ಚಪ್ಪಲಿ, ಬೀಗ ಎಲ್ಲದಕ್ಕೂ ಬಳಸೋ ‘ಹಾಕು’ ಅನ್ನೋ ಕ್ರಿಯಾಪದ ಒಂದೇ ನಿಂತರೆ ಅದು ಕುಡಿತ. ಗಂಡು ನೋಡೋ ಹೊತ್ತಲ್ಲಿ ಹೆಣ್ಣಿನ ಕಡೆಯವರು ಧ್ವನಿ ತಗ್ಗಿಸಿ ಕೇಳೋ ಪ್ರಶ್ನೆಯನ್ನ ನೀವೂ ಕೇಳಿರ್ತೀರಿ: ‘ಹುಡುಗ ತಗೋತಾನಾ?’ ಎರಡೇ ಪದ. ಅದರ ಉತ್ತರದ ಮೇಲೆ ಒಬ್ಬಳ ಜೀವನ ನಿಂತಿರುತ್ತೆ, ಆ ಪ್ರಶ್ನೆಯಲ್ಲಿ ಕರ್ಮಪದವೇ ಇಲ್ಲ. ‘ಇಲ್ಲಪ್ಪ, ಯಾವಾಗ್ಲಾದ್ರೂ ಕಂಪನಿಗೆ’ ಅನ್ನೋ ಉತ್ತರದಲ್ಲೂ ಇಲ್ಲ.

ಯಾರನ್ನ ಯಾವ ಪದದಿಂದ ಕರೀತಾರೆ ಅನ್ನೋದನ್ನೂ ನೋಡಿ. ಲೈನಿನ ಆಳು ಕುಡಿದ್ರೆ ‘ಕುಡುಕ’. ಬಂಗ್ಲೆಯಲ್ಲಿ ಕುಡಿದ್ರೆ ‘ಅವ್ರು ಸ್ವಲ್ಪ ಡ್ರಿಂಕ್ಸ್ ಮಾಡ್ತಾರೆ’. ಕ್ಲಬ್ಬಿನಲ್ಲಿ ಕುಡಿದ್ರೆ ‘ಪಾರ್ಟಿ’. ಆ ಕೊನೇ ಪದವನ್ನ ನಾವು ಹಾಸ್ಟೆಲ್ಲಿಗೆ ತಂದ್ಕೊಂಡಿದೀವಿ: ಬರ್ತ್‌ಡೇ ಪಾರ್ಟಿ, ಪ್ಲೇಸ್‌ಮೆಂಟ್ ಪಾರ್ಟಿ, ಬ್ಯಾಕ್ ಕ್ಲಿಯರ್ ಆದ ಪಾರ್ಟಿ. ಕರ್ನಾಟಕದ ಅಬಕಾರಿ ನಿಯಮದ 21 ವರ್ಷ ನಮ್ಮಲ್ಲಿ ಬಹಳ ಜನಕ್ಕೆ ತುಂಬಿಲ್ಲ, ಆದ್ರೂ ‘ಪಾರ್ಟಿ’ ಅಂದ್ಕೊಂಡ್ರೆ ಅದು ಬೇರೇನೋ ಆಗಿಬಿಡುತ್ತೆ. ಬ್ರಿಟಿಷರೂ ಇದರಲ್ಲಿ ಕಡಿಮೆ ಇಲ್ಲ. 1960ರ ದಶಕದಲ್ಲಿ ಅವರ ವಿದೇಶಾಂಗ ಸಚಿವರಾಗಿದ್ದ ಜಾರ್ಜ್ ಬ್ರೌನ್ ಕುಡಿದಿರ್ತಿದ್ರು. ಅದನ್ನ ನೇರವಾಗಿ ಬರೆಯೋಕಾಗ್ದೆ ‘ಪ್ರೈವೇಟ್ ಐ’ ಪತ್ರಿಕೆ ‘ಟೈರ್ಡ್ ಅಂಡ್ ಇಮೋಷನಲ್’, ಅಂದ್ರೆ ದಣಿದಿದಾರೆ, ಭಾವುಕರಾಗಿದಾರೆ ಅಂತ ಗೇಲಿ ಮಾಡಿತು. ಇವತ್ತಿಗೂ ಅಲ್ಲಿ ದೊಡ್ಡವರು ಕುಡಿದ್ರೆ ಅದೇ ಮಾತು. ಲಂಡನ್ನಿನ ಸಚಿವರು ಭಾವುಕರು, ಮೇಗುಂದದ ಕೊನೆಗಾರ ಕುಡುಕ.

ಈಗ ನಮ್ಮ ಮುಖ್ಯ ಮಾತಿಗೆ ಬರ್ತೀವಿ. ಶೀಟಿನಲ್ಲಿ ನಾವು ನಾಲ್ಕು ಕಾಲಂ ಇಟ್ಟಿದ್ವಿ: ಪದ, ಅರ್ಥ, ಊರು, ಯಾರ ಬಾಯಲ್ಲಿ ಕೇಳಿದ್ದು. ನಾಲ್ಕನೇ ಕಾಲಂ ಸುಮ್ಮನೆ ಇರಲಿ ಅಂತ ಹಾಕಿದ್ದು. ತುಂಬ್ತಾ ಹೋದ ಹಾಗೆ ಅದೇ ಕಣ್ಣಿಗೆ ಹೊಡೆಯೋಕೆ ಶುರುವಾಯ್ತು. ಫ್ರೆಂಡು, ರೂಂಮೇಟು, ಸೀನಿಯರ್, ಚಿಕ್ಕಪ್ಪ, ಆಟೋದವರು, ಸಿನಿಮಾ. ಹೆಚ್ಚುಕಮ್ಮಿ ಎಲ್ಲ ಗಂಡಸರ ಬಾಯಿ, ಎಲ್ಲ ಕುಡಿದವರ ಅಥವಾ ಅವರನ್ನ ನೋಡಿ ನಗೋವರ ಮಾತು. ಆ 546 ಇಂಗ್ಲಿಷ್ ಪದಗಳೂ ಅದೇ ಕಡೆಯವು. ಕುಡಿದು ಬಂದವನನ್ನ ಬಾಗಿಲಲ್ಲಿ ನಿಂತು ನೋಡೋರ ಪದ ಎಲ್ಲಿ? ಮಲೆನಾಡಿನಲ್ಲಿ ಒಂಟಿ ಮನೆಗಳೇ ಜಾಸ್ತಿ, ತೋಟದ ನಡುವೆ, ಕೂಗಿದ್ರೆ ಕೇಳಿಸದಷ್ಟು ದೂರ. ಅಲ್ಲಿ ಇಷ್ಟು ವರ್ಷ ಹೆಂಗಸರು, ಮಕ್ಕಳು ಈ ವಿಷಯವನ್ನ ಯಾವ ಮಾತಿನಲ್ಲಿ ಆಡ್ಕೊಂಡ್ರು?

ಹಾಗಾಗಿ ಅಮ್ಮ, ಅಜ್ಜಿ, ಅತ್ತಿಗೆಯಂದಿರಿಗೆ ಫೋನ್ ಮಾಡಿ ಕೇಳಿ ಅಂತ ಸಂಘದವರಿಗೆಲ್ಲ ಹೇಳಿದ್ವಿ. ಮೊದಲು ಏನೂ ಬರ್ಲಿಲ್ಲ. ‘ಅದಕ್ಕೆಲ್ಲ ಎಂಥ ಪದ ಮಾರಾಯ, ಓದ್ಕೋ ಹೋಗು’ ಅಂತ ಫೋನ್ ಇಟ್ಟವರೇ ಹೆಚ್ಚು. ಆಮೇಲೆ ನಿಧಾನ ಬಂದ್ವು, ಶೀಟಿಗಲ್ಲ, ಚೀಟಿಯಲ್ಲಿ.

‘ಪೇಟೆಗೆ ಹೋಗಿದಾರೆ.’ ಬಟವಾಡೆ ದಿನ ಸಂಜೆ ಹೇಳಿದ್ರೆ ಇದಕ್ಕೆ ಒಂದೇ ಅರ್ಥ.

‘ಇವತ್ತು ದಾರಿ ಉದ್ದ ಆಯ್ತು.’ ಜಯಪುರದ ಕಡೆಯ ಒಬ್ಬರ ಅಜ್ಜಿಯ ಮಾತು. ಬರೋದು ಎಷ್ಟು ತಡವೋ ಅಷ್ಟು ಅಳತೆ.

‘ದಣಪೆ ಶಬ್ದ.’ ಅಂಗಳದ ದಣಪೆಯ ಗಳ ಸರಿಸೋ ಶಬ್ದ ಒಂದೊಂದೇ ಬಂದ್ರೆ ಸರಿ ಇದಾರೆ, ಎಲ್ಲ ಒಟ್ಟಿಗೆ ಬಿದ್ದರೆ ಸರಿ ಇಲ್ಲ. ಆ ಮನೆಯಲ್ಲಿ ‘ಇವತ್ತು ದಣಪೆ ಹೇಗೆ?’ ಅಂತ ಕೇಳೋದೇ ರೂಢಿಯಂತೆ.

‘ಮಳೆ ಬರೋ ಹಂಗಿದೆ.’ ಇಬ್ಬರು ಅಕ್ಕ-ತಂಗಿಯರ ಗುಟ್ಟಿನ ಮಾತು, ಪುಸ್ತಕ ಎತ್ಕೊಂಡು ಒಳಕೋಣೆಗೆ ಹೋಗೋಣ ಅಂತ. ಬೇಸಿಗೆಯಲ್ಲೂ ಹೇಳ್ತಿದ್ರು.

ಈ ಪದಗಳಲ್ಲಿ ತಮಾಷೆ ಇಲ್ಲ ಅಂತ ಅಲ್ಲ. ದಣಪೆ ಮಾತು ಹೇಳುವಾಗ ಬರೆದುಕೊಟ್ಟವಳೇ ನಕ್ಕಳು. ಆದ್ರೆ ಈ ಮಾತುಗಳು ಹುಟ್ಟಿದ ಕಾರಣ ಬೇರೆ: ಎಚ್ಚರಿಕೆ. ‘ಹ್ಯಾಮರ್ಡ್’ ಹೇಳೋನು ನೆನ್ನೆ ರಾತ್ರಿಯ ಬಗ್ಗೆ ಹೇಳ್ತಾನೆ, ಇವರು ಇನ್ನು ಹತ್ತು ನಿಮಿಷದಲ್ಲಿ ಏನಾಗುತ್ತೆ ಅನ್ನೋದರ ಬಗ್ಗೆ ಹೇಳ್ತಾರೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕು ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡ್ಕೊಂಡು ಹೋದ ಸಾವಿರಾರು ಹೆಂಗಸರ ಮನೆಗಳಲ್ಲೂ ಇಂಥ ಒಂದು ನಿಘಂಟು ಇದ್ದೇ ಇರುತ್ತೆ. ಅದನ್ನ ಯಾರೂ ಅಚ್ಚು ಹಾಕಿಸಿಲ್ಲ.

ಹಾಸ್ಟೆಲ್ಲಿನ ಒಂದು ರೂಮಿನಲ್ಲಿ ನಾಲ್ಕು ಜನ. ಭಾನುವಾರ ಬೆಳಿಗ್ಗೆ ‘ನೆನ್ನೆ ಫುಲ್ ಟೈಟು ಮಗಾ, ಮೆಟ್ಟಿಲೇ ಕಾಣ್ಲಿಲ್ಲ’ ಅಂತ ಒಬ್ಬ ಕಥೆ ಹೇಳ್ತಾನೆ, ಇಬ್ಬರು ಬಿದ್ದು ಬಿದ್ದು ನಗ್ತಾರೆ, ನಾಲ್ಕನೆಯವನು ಬಕೆಟ್ ಎತ್ಕೊಂಡು ಸ್ನಾನಕ್ಕೆ ಹೋಗ್ತಾನೆ. ಅವನು ಸಂಕೋಚದವನು, ಹಳ್ಳಿಯವನು, ಬೋರ್ ಗಿರಾಕಿ ಅಂತ ನಾವು ಅಂದ್ಕೋತೀವಿ. ಅವನ ಮನೆಯ ದಣಪೆಯ ವಿಷಯ ನಮಗೆ ಗೊತ್ತಿರಲ್ಲ. ಕುಡೀಬೇಡಿ ಅಂತ ಉಪದೇಶ ಮಾಡೋಕೆ ಈ ಪತ್ರಿಕೆ ಇರೋದಲ್ಲ, ಅದಕ್ಕೆ ವಾರ್ಡನ್ ಇದಾರೆ. ಪಟ್ಟಿ ಮಾಡೋದಾದ್ರೆ ನಾಲ್ಕನೆಯವನ ಪದವೂ ಅದರಲ್ಲಿ ಇರಬೇಕು ಅಂತಷ್ಟೇ ನಮ್ಮ ವಾದ.

ಹಾಗಾದ್ರೆ ಕುಡುಕರ ಮಾತು ಬಿಟ್ಟು ಮನೆಯವರದನ್ನ ಮಾತ್ರ ಹಾಕಿ ಅಂತ ಸಂಘದ ಒಬ್ಬರು ಸಲಹೆ ಕೊಟ್ಟರು. ಅದೂ ಬೇಡ. 1930ರ ದಶಕದಲ್ಲಿ ಜಿ.ಪಿ. ರಾಜರತ್ನಂ ಎಂಡ್ಕುಡ್ಕ ರತ್ನನನ್ನ ಹುಟ್ಟಿಸಿ, ಅವನ ಬಾಯಿಂದ ಹಕಾರ ಇಲ್ಲದ ಕನ್ನಡವನ್ನೇ ಆಡಿಸಿ ಪದ್ಯ ಬರೆದ್ರು. ಮಕ್ಕಳ ಪದ್ಯ ಬರೆದ ಕೈಯೇ ಅದು. ‘ರತ್ನನ ಪದಗಳು’ ಇಲ್ಲದಿದ್ರೆ ಆಡುಮಾತಿನಲ್ಲಿ ಅಷ್ಟು ಆಳದ ಮಾತು ಹೇಳ್ಬಹುದು ಅಂತ ಕನ್ನಡಕ್ಕೆ ಅಷ್ಟು ಬೇಗ ಗೊತ್ತಾಗ್ತಿರಲಿಲ್ಲ. ಆಚೆ ಕಡೆ ನೋಡಿದ್ರೆ, ಗಾಳಿಪಟ ಹಾರಿಸಿ ಮಿಂಚು ಹಿಡಿದ ಬೆಂಜಮಿನ್ ಫ್ರಾಂಕ್ಲಿನ್ ಕೂಡ 1737ರಲ್ಲಿ ತನ್ನ ಪತ್ರಿಕೆಯಲ್ಲಿ ಕುಡಿತಕ್ಕೆ 200ಕ್ಕೂ ಹೆಚ್ಚು ಪದಗಳ ಪಟ್ಟಿ ಅಚ್ಚು ಹಾಕಿದ್ದ. ಎಲೆಕ್ಟ್ರಿಕಲ್‌ನವರು ಬೇಕಾದ್ರೆ ಅವನನ್ನ ಮುಂದಿಟ್ಕೊಂಡು ವಾದ ಮಾಡಿ. ಆದ್ರೆ ನಮಗೆ ರತ್ನನ ಬಗ್ಗೆಯೂ ಒಂದು ಕೊರಗು ಇದೆ. ರತ್ನ ನಂಜಿ ಬಗ್ಗೆ ಎಷ್ಟು ಪ್ರೀತಿಯಿಂದ ಮಾತಾಡ್ತಾನೆ! ರತ್ನ ಮನೆಗೆ ಬರೋ ಮುಂಚೆ ಪಕ್ಕದ ಮನೆಯವಳ ಹತ್ತಿರ ನಂಜಿ ಏನು ಹೇಳ್ತಿದ್ಲು ಅನ್ನೋದು ನಮಗೆ ಕೇಳಿಸೋದೇ ಇಲ್ಲ.

ಮುಂದಿನ ಸಂಚಿಕೆಯಿಂದ ಪಟ್ಟಿ ಎರಡು ಕಾಲಂನಲ್ಲಿ ಬರುತ್ತೆ. ಎಡಗಡೆ ಟೈಟು, ಎಣ್ಣೆ, ನೈಂಟಿ, ತೀರ್ಥ. ಬಲಗಡೆ ಪೇಟೆ, ದಾರಿ, ದಣಪೆ, ಮಳೆ. ಬಲಗಡೆಯ ಪದ ಕಳಿಸೋರ ಹೆಸರು, ಬ್ರಾಂಚು, ಹಾಸ್ಟೆಲ್ ಬ್ಲಾಕು ಯಾವುದನ್ನೂ ನಾವು ಹಾಕಲ್ಲ, ಊರಿನ ಹೆಸರೂ ಬೇಡ ಅಂದ್ರೆ ತಾಲ್ಲೂಕು ಸಾಕು. ಸಂಘದ ರೂಮಿನ ಕಿಟಕಿ ಪಕ್ಕ ಇರೋ ಡಬ್ಬಿಗೆ ಚೀಟಿ ಹಾಕಿದ್ರೆ ಆಯ್ತು, ಫಾರ್ಮ್ ತುಂಬೋ ಕೆಲಸ ಇಲ್ಲ. ಮದ್ಯವರ್ಜನ ಶಿಬಿರ ಮುಗಿಸಿ ಬಂದವರ ಮನೆಗಳಲ್ಲಿ ಪದಗಳು ಹೇಗೆ ಬದಲಾದ್ವು ಅಂತ ಯಾರಾದ್ರೂ ಬರೆದ್ರೆ ಅದಕ್ಕೆ ಬೇರೆಯದೇ ಪುಟ ಕೊಡ್ತೀವಿ. ಬಗನಿ ಕಳ್ಳಿನ ಹಳೇ ಪದಗಳು ಎಡಗಡೆ ಇನ್ನೂ ಖಾಲಿ ಇವೆ. ಊರಲ್ಲಿ ಅದು ಗೊತ್ತಿರೋ ಅಜ್ಜಯ್ಯಂದಿರು ಇದ್ರೆ ದೀಪಾವಳಿ ರಜೆಯಲ್ಲಿ ಕೇಳ್ಕೊಂಡು ಬನ್ನಿ. ಹಾಗೇ ಪಕ್ಕದಲ್ಲಿ ಅಜ್ಜಿ ಕೂತಿದ್ರೆ ಅವರನ್ನೂ ಕೇಳಿ, ಅಜ್ಜಯ್ಯ ಎದ್ದು ಹೋದ ಮೇಲೆ.